ಅಪ್ಪ ಅಧ್ಯಕ್ಷಗಿರಿ ಬಿಟ್ಟದ್ದು

ಪರೇಲಿನ ನಮ್ಮ ಚಾಳಿನ ಹಿಂಬದಿಯಲ್ಲಿ ಬಾಡಿಗೆಯ ಖೋಲಿಯೊಂದಿತ್ತು. ಅದೇ ಕನ್ನಡ ಸಂಘ. ಊರು ಬಿಟ್ಟು ಬಂದು ಮಿಲ್ಲಿನಲ್ಲೋ ಹೋಟೆಲಿನಲ್ಲೋ ದುಡಿಯುತ್ತಿದ್ದವರು ಭಾನುವಾರ ಅಲ್ಲಿ ಸೇರುತ್ತಿದ್ದರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೆ, ಸತ್ತವರ ಹೆಣವನ್ನು ಊರಿಗೆ ಸಾಗಿಸಬೇಕಾದರೆ, ಗಂಡ ಹೆಂಡಿರ ಜಗಳ ಬಿಡಿಸಬೇಕಾದರೆ ಜನ ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಮಿಲ್ಲಿನಲ್ಲಿ ಅವರು ಮಗ್ಗದ ಮುಂದೆ ನಿಲ್ಲುವ ಒಬ್ಬ ಕಾರ್ಮಿಕ, ಸಂಘದಲ್ಲಿ ಅಧ್ಯಕ್ಷರು.

ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಸಭೆ. ಕೊನೆಗೆ ಅಪ್ಪ ಎದ್ದು ಕೈಮುಗಿದು, "ನಂದು ಸಾಕಾತ್ರೀ. ಈ ಹೊಣಿ ಇನ್ನ ಬ್ಯಾರೇದವರಿಗೆ ಕೊಡ್ರಿ" ಅನ್ನುತ್ತಿದ್ದರು. ಕೂಡಲೇ ನಾಲ್ಕಾರು ದನಿಗಳು ಏಳುತ್ತಿದ್ದವು: "ಅದ್ಹೆಂಗ ಆಗ್ತೈತ್ರಿ ಕಾಕಾ? ನೀವ ಇರಬೇಕು." ಅಪ್ಪ ಮತ್ತೆ ಬೇಡವೆಂದು, ಆಮೇಲೆ ಒಪ್ಪುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬೇಡವೆನ್ನುವವರ ಹಾಗೆ. ಆ 'ಬೇಡ'ದ ಅರ್ಥ ಉಣ್ಣುವವರಿಗೂ ಗೊತ್ತು, ಬಡಿಸುವವರಿಗೂ ಗೊತ್ತು.

ಎಪ್ಪತ್ತರ ದಶಕದ ನಡುವೆ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ. ಉಡುಪಿ ಕಡೆಯವನು. ಹಗಲು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವನು. ಅಪ್ಪನೇ ಅವನನ್ನು ಇಷ್ಟಪಟ್ಟು ಕರೆತಂದಿದ್ದರು. ಆ ವರ್ಷದ ಸಭೆಯಲ್ಲಿ ಅಪ್ಪ ಎಂದಿನ ಮಾತು ಆಡಿ ಮುಗಿಸುವಷ್ಟರಲ್ಲಿ ಅವನು ಎದ್ದು ನಿಂತ.

"ಕಾಕಾ ವರ್ಷಾ ವರ್ಷಾ ಕೇಳ್ತಾ ಇದ್ದಾರೆ, ನಾವು ಬಿಡುದೇ ಇಲ್ಲ. ಅವರಿಗೂ ಮನೆ ಉಂಟು, ಡ್ಯೂಟಿ ಉಂಟು. ಈ ಸಲ ಆದ್ರೂ ಅವರ ಮಾತು ನಡೆಸಿಕೊಡುವ."

ಅವನ ಕಣ್ಣು ತುಂಬಿತ್ತು. ಅದರಲ್ಲಿ ಕಪಟವಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಾನು ಅಪ್ಪನನ್ನೇ ನೋಡುತ್ತಿದ್ದೆ. ಮುಗಿದ ಕೈಯನ್ನು ಅವರು ಇಳಿಸಲೇ ಇಲ್ಲ. ಅಲ್ಲೇ ಆ ಕಾರ್ಯದರ್ಶಿಯನ್ನು ಅಧ್ಯಕ್ಷನನ್ನಾಗಿ ಆರಿಸಿದರು. ಶಾಲು ಹೊದಿಸಿದವರು ಅಪ್ಪನೇ.

ಮಿಲ್ಲಿನ ಗೆಳೆಯರಿಗೆ ಅಪ್ಪ "ಬಿಟ್ಟೆ" ಎಂದರು. ಪಕ್ಕದ ಮರಾಠಿ ಮಾಸ್ತರರಿಗೆ "ರಾಜೀನಾಮಾ ದಿಲಾ" ಎಂದರು. ಆ ದೊಡ್ಡ ಪದದಿಂದ ಸ್ವಲ್ಪ ಸಮಾಧಾನವಾದಂತಿತ್ತು. ಅವ್ವನ ಮುಂದೆ ಮಾತ್ರ, "ಬಿಡಿಸಿದ್ರು."

ಒಂದೆರಡು ವರ್ಷ ಕಳೆದಿರಬೇಕು. ಆ ಉಡುಪಿಯ ತರುಣ ಮನೆಗೆ ಬಂದ, ಸೊರಗಿದ್ದ.

"ಕಾಕಾ, ನನ್ನಿಂದ ಆಗುದಿಲ್ಲ. ಜನ ನನ್ನ ಮಾತು ಕೇಳುದಿಲ್ಲ. ನನಗೀಗ ಕೆಲಸವೂ ಮಲಾಡಿನಲ್ಲಿ. ನೀವೇ ಪುನಃ ಬರಬೇಕು."

ಅಪ್ಪನ ಮುಖ ಅರಳಿದ್ದು ನನಗೆ ಕಂಡಿತು. ಆದರೆ ಬಾಯಿಂದ ಬಂದ ಮಾತೇ ಬೇರೆ: "ಬ್ಯಾಡಪಾ. ಒಮ್ಮೆ ಬಿಟ್ಟದ್ದು ಬಿಟ್ಟಂಗ."

"ಸರಿ ಕಾಕಾ. ನಿಮಗೆ ಒತ್ತಾಯ ಮಾಡುದಿಲ್ಲ," ಎಂದು ಅವನು ಕಾಲಿಗೆ ನಮಸ್ಕರಿಸಿ ಹೊರಟುಬಿಟ್ಟ.

ಚಹಾ ತಂದ ಅವ್ವ ಬಾಗಿಲಲ್ಲೇ ನಿಂತಳು. "ಇನ್ನೊಮ್ಮೆ ಕೇಳಿದ್ರ ಹೂಂ ಅಂತಿದ್ರೇನು?"

ಅಪ್ಪ ಸಂಜೆಯತನಕ ಮೆಟ್ಟಿಲಿನ ಕಡೆಗೇ ಮುಖ ಮಾಡಿ ಕೂತಿದ್ದರು.

ಆಮೇಲೆ ಸಂಘ ಬಹಳ ಕಾಲ ಉಳಿಯಲಿಲ್ಲ. ಖೋಲಿಗೆ ಒಬ್ಬ ದರ್ಜಿ ಬಂದ. ಅದೇ ವರ್ಷದ ಮಳೆಗಾಲದಲ್ಲಿ ಮುಲುಂಡಿನ ಕಟ್ಟಡ ಕೆಲಸದಲ್ಲಿ ನಮ್ಮ ಕಡೆಯವನೊಬ್ಬ ಬಿದ್ದು ಸತ್ತ. ದಿಕ್ಕು ತೋಚದೆ ಅವನ ಹೆಂಡತಿ ಅಪ್ಪನನ್ನೇ ಕೇಳಿಕೊಂಡು ಬಂದಳು. ಹೆಣ ಬಿಡಿಸಿಕೊಳ್ಳಲು ಆಸ್ಪತ್ರೆಗೆ ಹೊರಟಾಗ, ಅವಳಿಗೆ ಆಸರೆಯಾಗಲಿ ಎಂದು ಅಪ್ಪ ನನ್ನನ್ನೂ ಕರೆದೊಯ್ದರು. ಆಸ್ಪತ್ರೆಯ ಗುಮಾಸ್ತ, "ಆಪ್ ಕೌನ್?" ಎಂದು ಕೇಳಿದ. ಹಿಂದೆಲ್ಲ ಇಂಥ ಕಡೆ ಅಪ್ಪ ಸಂಘದ ಹೆಸರು ಹೇಳಿದರೆ ಕೆಲಸ ಸಲೀಸಾಗುತ್ತಿತ್ತು. ಈಗ ಅವರು ಬಾಯಿ ತೆರೆದು, ತಡೆದು, "ಗಾಂವ್‌ವಾಲಾ," ಎಂದರು, ಊರಿನವನು ಅಂತಷ್ಟೇ.

"ಬಾಜೂ ಮೇಂ ಬೈಠೋ," ಎಂದ ಗುಮಾಸ್ತ. ಅಪ್ಪ ಹೋಗಿ ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕ ಕೂತರು.