ಹತ್ತು ಲಕ್ಷ ದಾಟಿ ಮೂರು ಮೈಲಿ

“ಅಮ್ಮಾ, ಲುಮೀರ್ ತಾತ ದೊಡ್ಡೋರಲ್ವಾ? ಇನ್ನೂ ಯಾಕೆ ಹೋಮ್‌ವರ್ಕ್ ಮಾಡ್ತಾರೆ?”

ಮಗಳು ಜೋಸಿ ಕಿಟಕಿಯಾಚೆ ಬೆರಳು ತೋರಿಸಿದಳು. ಪಕ್ಕದ ಮನೆಯ ಲುಮೀರ್ ವೊಂದ್ರಾ ತಮ್ಮ ಲಾರಿಯಲ್ಲಿ ಕೂತು, ಸ್ಟೀರಿಂಗ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಭಾಗಾಕಾರ ಮಾಡುತ್ತಿದ್ದರು. ವಯಸ್ಸು ಅರವತ್ತಮೂರು. ಹನ್ನೊಂದು ವರ್ಷದಿಂದ ಇದೇ ಲಾರಿಯಲ್ಲಿ ನೆಬ್ರಾಸ್ಕಾದ ಮೆಕ್ಕೆಜೋಳ ಸಾಗಿಸುತ್ತಿದ್ದಾರೆ. ಮೈಲಿ ಮೀಟರಿನಲ್ಲಿ ಕಂಡ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ಹುಡುಕುವುದು ಅವರ ಚಟ.

ಈ ವಾರ ಮೀಟರು ಹತ್ತು ಲಕ್ಷ ಮುಟ್ಟಲಿತ್ತು. ಆಗ ಫೋಟೊ ತೆಗೆಸಬೇಕೆಂದು ಕಂಪನಿಯ ಒಡತಿ ಡೀನಾಳ ಆಸೆ. ಲುಮೀರ್ ಒಪ್ಪಲಿಲ್ಲ.

“ಹತ್ತು ಲಕ್ಷದಲ್ಲೇನಿದೆ? ಬರೀ ಎರಡು, ಐದರ ಗುಣಾಕಾರ. ಇನ್ನು ಮೂರೇ ಮೈಲಿ ತಡಿ. 10,00,003 ಯಾವ ಸಂಖ್ಯೆಗೂ ಬಗ್ಗಲ್ಲ.”

“ಕಂಪ್ಯೂಟರ್ ಕೇಳಿದ್ರೆ ಕ್ಷಣದಲ್ಲಿ ಹೇಳುತ್ತೆ, ಮುದುಕಪ್ಪಾ.”

“ಈ ಲಾರೀನ ಕಂಪ್ಯೂಟರ್ ಓಡಿಸ್ತಾ?”

“ಸರಿ, ಕೈಯಲ್ಲೇ ಲೆಕ್ಕ ಮಾಡಿ ಗುರುವಾರ ತೋರಿಸಿ. ಇಲ್ದಿದ್ರೆ ನಾನು ಹೇಳಿದಲ್ಲೇ ಫೋಟೊ.”

ಸಾವಿರ ಸಾವಿರಲೇ ಹತ್ತು ಲಕ್ಷ, ಹಾಗಾಗಿ ಸಾವಿರದವರೆಗೆ ನೋಡಿದರೆ ಸಾಕು. ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳು ನೂರರವತ್ತೆಂಟು. ಅವುಗಳಲ್ಲಿ ಒಂದರಿಂದಲೂ ಭಾಗವಾಗದಿದ್ದರೆ ಲುಮೀರ್ ಗೆದ್ದಂತೆ.

ಬುಧವಾರ ಸಂಜೆ ಅವರು ನಮ್ಮ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು.

“ಮುಗೀತು ಮಗಳೇ. 293ರಿಂದ ಸರಿಯಾಗಿ ಭಾಗ ಆಯ್ತು, ಶೇಷ ಸೊನ್ನೆ. ಡೀನಾ ಊರಿಗೆಲ್ಲ ಹೇಳ್ಕೊಂಡು ನಗ್ತಾಳೆ.”

ನಾನು ಒಲೆ ಸಣ್ಣ ಮಾಡಿ ನೋಟ್‌ಬುಕ್ ತೆಗೆದುಕೊಂಡೆ. ಮೂರ್ನಾಲ್ಕು ಸಂಖ್ಯೆಗಳನ್ನು ಅವರು ಒಟ್ಟಿಗೇ ಪರೀಕ್ಷಿಸುತ್ತಿದ್ದರು. ಯಾವ ಹಾಳೆ ಯಾವ ಸಂಖ್ಯೆಯದೆಂದು ಹಾಳೆಯ ಮೇಲ್ತುದಿಯಲ್ಲಿ ಬರೆದಿತ್ತು. ಲಾರಿಯಲ್ಲೇ ಕೊಲಾಚಿ ಬನ್ನು ತಿನ್ನುವ ಮನುಷ್ಯ. ಬನ್ನಿನೊಳಗಿನ ಪ್ಲಮ್ ಜಾಮು ತಾಗಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು.

“ಇದು ಬೇರೆ ಹಾಳೆ, ಲುಮೀರ್ ಅವ್ರೇ! ನೀವು ಭಾಗಿಸಿರೋದು 10,00,009ನ್ನ.”

ಹಬೆ ತೋರಿಸಿ ಹಾಳೆ ಬಿಡಿಸಿದೆ. ಲುಮೀರ್ 10,00,003ನ್ನು 293ರಿಂದ ಮತ್ತೆ ಭಾಗಿಸಿದರು. ಶೇಷ 287!

“ಅಯ್ಯೋ, ಆ ಗುಂಡಿ ಇರೋದು ಆರು ಮೈಲಿ ಆಚೆ!”

ಅವರು ಭಾಗಿಸುತ್ತ ಹೋದರು, ನಾನು ಗುಣಿಸಿ ತಾಳೆ ನೋಡುತ್ತ ಹೋದೆ. ಸೂಪು ತಳ ಹಿಡಿಯಿತು. ಕೊನೆಯದು 997, ಶೇಷ ಹನ್ನೆರಡು. ಲುಮೀರ್ ಜೋಸಿಯನ್ನು ಎತ್ತಿಕೊಂಡು ಮೇಜಿನ ಸುತ್ತ ಪೋಲ್ಕಾ ನೃತ್ಯ ಮಾಡಿದರು.

ಗುರುವಾರ ನೋಟ್‌ಬುಕ್ ಡೀನಾಳ ಕೈ ಸೇರಿತು. ಶುಕ್ರವಾರ ಲಾರಿ ಹತ್ತು ಲಕ್ಷವನ್ನು ನಿಲ್ಲದೆ ದಾಟಿತು. ಹಿಂದೆ ಡೀನಾಳ ಕಾರು, ಅದರಲ್ಲಿ ನಾನು, ಜೋಸಿ. ಮೂರು ಮೈಲಿಯುದ್ದಕ್ಕೂ ಹಾರ್ನು. ಹೊಲದ ಪಕ್ಕ ಲಾರಿ ನಿಂತಾಗ ಮೀಟರಿನಲ್ಲಿ 10,00,003.

“ಒಪ್ಪಿದೆ ಮಹಾರಾಯ,” ಎಂದಳು ಡೀನಾ ಕ್ಯಾಮೆರಾ ಹಿಡಿದು, “ನೂರರವತ್ತೆಂಟು ಸಲ ಒಪ್ಪಿದೆ!” ಆಮೇಲೆ ಕಂಪನಿಯ ಬಹುಮಾನವಾಗಿ ಒಂದು ಜಾಕೆಟ್ ತೊಡಿಸಿದಳು. ಅದನ್ನು ಮೊದಲೇ ಮಾಡಿಸಿದ್ದರಿಂದ ಬೆನ್ನ ಮೇಲೆ ಹಳದಿ ದಾರದಲ್ಲಿ 10,00,000 ಎಂದೇ ಕಸೂತಿಯಿತ್ತು.

ಇಂದು ಬೆಳಿಗ್ಗೆ ಲುಮೀರ್ ಅದನ್ನು ಹಿಡಿದು ಬಾಗಿಲಿಗೆ ಬಂದರು.

“ಮಗಳೇ, ಹಳದಿ ದಾರ ನಾನೇ ತಂದಿದ್ದೀನಿ. ಈ ಕಡೇ ಸೊನ್ನೆ ಬಿಚ್ಚಿ, ಅಲ್ಲೊಂದು ಮೂರು ಹೊಲ್ಕೊಡ್ತೀಯಾ?”