ಹೋಗೋಕೆ ಎರಡು ಗಂಟೆ, ಬರೋಕೆ ಹದಿನಾರು

ಕತ್ತಲಿರುವಾಗಲೇ ನೀರು ತುಂಬಿಸಬೇಕು, ಹಾಲು ಕಾಯಿಸಬೇಕು, ಅದು ಉಕ್ಕುವುದರೊಳಗೆ ಗಂಡನ ಅಂಗಿಗೆ ಇಸ್ತ್ರಿ ಹಾಕಬೇಕು, ಅತ್ತೆಗೆ ಖಾಲಿ ಹೊಟ್ಟೆಯ ಮಾತ್ರೆ, ಮಾವನಿಗೆ ಬಿಸಿನೀರು, ಆಮೇಲೆ ರಾತ್ರಿಯ ಪಾತ್ರೆ, ಊಟದ ಡಬ್ಬಿ. ಇಷ್ಟಾದ ಮೇಲೂ ಬೆಳಗಾಗದಿದ್ದರೆ ಒಂದು ಪರದೆಗೆ ಅಂಚು ಹೊಲಿಯುತ್ತಿದ್ದಳು. ಬೀದಿಯ ಅರ್ಧ ಕಿಟಕಿಗಳಲ್ಲಿ ಅವಳು ಹೊಲಿದ ಪರದೆಗಳೇ. ಹಾಗಾಗಿ ಎಲ್ಲರಿಗೂ ಅವಳು ಪರದೆಯಕ್ಕ.

ತಂಗಿ ಏಳು ಸಾವಿರ ಕಿಲೋಮೀಟರ್ ದೂರದ ನಗರದಲ್ಲಿದ್ದಳು. ಮುಖ ನೋಡಿ ವರ್ಷಗಳೇ ಆಗಿದ್ದವು. ಹೋಗುವ ಟಿಕೆಟ್ ಮಾತ್ರ ತಾನೇ ಕೊಂಡು ಕಳಿಸಿ, "ಈ ಸಲ ಬರ್ಲಿಲ್ಲ ಅಂದ್ರೆ ನಂಗೆ ಅಕ್ಕ ಇಲ್ಲ ಅಂದ್ಕೋತೀನಿ" ಎಂದು ಫೋನಿನಲ್ಲಿ ಹೇಳಿದಳು.

ಟಿಕೆಟ್ ಊಟದ ಮೇಜಿನ ಮೇಲೆ ವಿಚಾರಣೆಗೆ ಬಂತು. ಬೆಳಿಗ್ಗೆ ಎಂಟಕ್ಕೆ ಹೊರಡುವುದು, ಅದೇ ಬೆಳಿಗ್ಗೆ ಹತ್ತಕ್ಕೆ ತಲುಪುವುದು.

"ಎರಡೇ ಗಂಟೆ!" ಎಂದ ಗಂಡ. "ತರಕಾರಿ ತರೋಕೆ ಹೋದ್ರೂ ಇವಳು ಅಷ್ಟು ಹೊತ್ತು ಮಾಡ್ತಾಳೆ."

ಅಲ್ಲಿಯ ಗಡಿಯಾರ ಏಳು ಗಂಟೆ ಹಿಂದಿದೆ, ಹಾರುವುದು ಒಂಬತ್ತು ಗಂಟೆ ಎಂದು ತಂಗಿ ಬಿಡಿಸಿ ಹೇಳಿದ್ದಳು. ಪರದೆಯಕ್ಕ ತುಟಿ ಬಿಚ್ಚಲಿಲ್ಲ. ಎರಡು ಗಂಟೆಯೆಂದರೆ ಕಳಿಸುತ್ತಾರೆ; ಒಂಬತ್ತೆಂದರೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದೀತು.

ತೊಡಕಾದದ್ದು ಮರಳುವ ವಿಮಾನ. ಅದು ಅಲ್ಲಿಂದ ರಾತ್ರಿ ಎಂಟಕ್ಕೆ ಹೊರಟು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿಗೆ ಬರುತ್ತದಂತೆ.

"ಹೋಗೋಕೆ ಎರಡು, ಬರೋಕೆ ಹದಿನಾರಾ?" ಅತ್ತೆ ಹುಬ್ಬೇರಿಸಿದರು. "ಮಧ್ಯೆ ಇವಳು ಎಲ್ಲಿ ಇಳೀತಾಳೆ?"

"ಭೂಮಿ ತಿರುಗುತ್ತೆ ಕಣೇ," ಎಂದರು ಮಾವ, ಪತ್ರಿಕೆಯ ಹಿಂದಿನಿಂದ.

"ತಿರುಗ್ಲಿ ಬಿಡ್ರೀ, ಅದಕ್ಕೇನು ಬೇರೆ ಕೆಲಸ? ಆ ಹದಿನಾಲ್ಕು ಗಂಟೆ ಪಾತ್ರೆ ಯಾರು ತೊಳೀತಾರೆ, ಭೂಮಿನಾ?"

ಅವಳು ಅಲ್ಲಿರುವ ಒಂದು ವಾರ ಮನೆ ನೋಡಿಕೊಳ್ಳಲು ನಾದಿನಿ ಒಪ್ಪಿದ್ದಳು. ಆದರೆ ದಾರಿಯಲ್ಲಿ ಕಳೆಯುವ ಹೊತ್ತು ತನ್ನ ಪಾಲಿನದಲ್ಲ ಎಂದುಬಿಟ್ಟಳು. ಕೊನೆಗೆ ತೀರ್ಪಾಯಿತು: ಹೆಚ್ಚುವರಿ ಹದಿನಾಲ್ಕು ಗಂಟೆಯ ಕೆಲಸವನ್ನು ಪರದೆಯಕ್ಕ ಮುಂಚಿತವಾಗಿಯೇ ಮಾಡಿಟ್ಟು ಹೋಗಬೇಕು. ತೊಳೆದ ಪಾತ್ರೆಗಳನ್ನು ಅವಳು ಮತ್ತೆ ತೊಳೆದಳು. ಇನ್ನೂ ಯಾರೂ ತೊಡದ ಅಂಗಿಗಳನ್ನು ಒಗೆದು ಒಣಹಾಕಿದಳು. ಗಂಡ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತ ಕೂತ. ದಣಿದು ಅಲ್ಲೇ ನಿದ್ದೆ ಹೋದ.

ವಿಮಾನದಲ್ಲಿ ಊಟವಾದದ್ದೇ ಪರದೆಯಕ್ಕ ಬೆಲ್ಟ್ ಬಿಚ್ಚಿ ಎದ್ದು ಆ ಸಾಲಿನ ಲೋಟಗಳನ್ನೆಲ್ಲ ಎತ್ತತೊಡಗಿದಳು.

"ಅಮ್ಮಾ, ಕೂತ್ಕೊಳ್ಳಿ! ನೀವು ಏಳೋ ಹಾಗಿಲ್ಲ," ಗಗನಸಖಿ ಗದರಿದಳು.

ಇಷ್ಟು ಚೆಂದದ ಗದರಿಕೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇನ್ನೊಮ್ಮೆ ಗದರಿಸಿಕೊಳ್ಳಬೇಕೆಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದಳು.

ವಾರ ಮುಗಿಯುತ್ತ ಬಂತು. ತಂಗಿ ಕೆಲಸಕ್ಕೆ ಹೋಗಿದ್ದಳು. ಮರಳುವ ಟಿಕೆಟ್‌ಗೆಂದು ಅವಳು ಕೊಟ್ಟ ದುಡ್ಡು ಹಿಡಿದು ಪರದೆಯಕ್ಕ ಒಬ್ಬಳೇ ಟಿಕೆಟ್ ಕಚೇರಿಗೆ ಹೋದಳು.

"ನೇರ ವಿಮಾನ ಒಂಬತ್ತು ಗಂಟೆ. ಅದೇ ಕೊಡ್ಲಾ?" ಕಿಟಕಿಯಾಚೆ ಕೂತಿದ್ದ ಕನ್ನಡದ ಹುಡುಗಿ ಕೇಳಿದಳು.

"ಬೇರೆ ಇಲ್ವಾ?"

"ಇದೆ. ಎರಡು ಕಡೆ ಇಳಿದು ಹತ್ಬೇಕು, ಒಂದೂವರೆ ದಿನ ಹಿಡಿಯುತ್ತೆ. ಸುಮ್ನೆ ಕೂತು ಕೂತು ಬೇಜಾರಾಗುತ್ತೆ ಅಮ್ಮ, ಯಾರೂ ತಗೊಳ್ಳಲ್ಲ."

"ಸುಮ್ನೆ ಕೂತಿರೋದಷ್ಟೇನಾ?"

"ಅಷ್ಟೇ. ಊಟ ಅವರೇ ಕೊಡ್ತಾರೆ."

ಪರದೆಯಕ್ಕ ಕೈಚೀಲದ ಜಿಪ್ಪು ಎಳೆದಳು.

"ಅದನ್ನೇ ಕೊಡಮ್ಮ," ಎಂದಳು. "ಅದಕ್ಕಿಂತ ನಿಧಾನದ್ದು ಇದ್ರೆ ಇನ್ನೂ ಒಳ್ಳೇದು."