ಕೆಂಚನ ಕಡಿತ

ಎರಡು ವರ್ಷಗಳ ಹಿಂದೆ, ಗೌರಿ ಹಬ್ಬ ಇನ್ನೇನು ಬಂತು ಅನ್ನುವ ಹೊತ್ತಿಗೆ, ನಮ್ಮ ಮನೆಯ ನಾಯಿ ಕೆಂಚ ಮೈ ಕೆರೆದುಕೊಳ್ಳಲು ಶುರುಮಾಡಿತು. ನಾನು ಶ್ರೀರಂಗಪಟ್ಟಣದಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಹಬ್ಬಕ್ಕೆ ಮುಂಚೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅದು ಪಾದ ನೆಕ್ಕುತ್ತಾ ಮಲಗಿದ್ದರೆ ಉಣ್ಣೆ ಹುಳ ಹತ್ತಿರಬೇಕು ಅಂದುಕೊಂಡು ಸುಮ್ಮನಾದೆ.

ಆಮೇಲೆ ಸುಮ್ಮನಿರುವ ಹಾಗಿರಲಿಲ್ಲ. ಹೊಟ್ಟೆಯ ಕೆಳಗೆ ಕೆಂಪು ಗುಳ್ಳೆ ಎದ್ದವು. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಮುಖವನ್ನು ಗೋಡೆಗೆ ಉಜ್ಜುತ್ತಿತ್ತು, ಬೆರಳ ಸಂದಿಯನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಕೂದಲು ಬಿಡಿಸಿ ಹುಡುಕಿದೆ, ಒಂದು ಉಣ್ಣೆಯೂ ಸಿಗಲಿಲ್ಲ. ಕೋಳಿ ತಿಂದು ಉಷ್ಣವಾಗಿದೆ ಎಂದರು ನಮ್ಮ ಯಜಮಾನರು. ಕೋಳಿ ನಿಲ್ಲಿಸಿ ಮೊಸರನ್ನ ಹಾಕಿದೆ. ಬಾಗಿನ ಕೊಡಲು ಶೀಳನೆರೆಯಿಂದ ಬಂದ ನಮ್ಮಣ್ಣ ಬೇವಿನೆಣ್ಣೆ ಹಚ್ಚು ಎಂದ, ಹಚ್ಚಿದೆ. ಅದನ್ನು ನೆಕ್ಕಿಕೊಂಡು ವಾಂತಿ ಮಾಡಿತು. ಸ್ನಾನದ ಸೋಪು ಬದಲಾಯಿಸಿದೆ. ಒಂದು ದಿನ ಕಡಿಮೆಯಾದಂತೆ ಕಾಣುತ್ತಿತ್ತು, ಮಾರನೆಯ ದಿನ ಮೊದಲಿಗಿಂತ ಜಾಸ್ತಿ. ಯಾವುದರಿಂದ ಇಳಿಯಿತು, ಯಾವುದರಿಂದ ಏರಿತು, ನನಗೊಂದೂ ತಿಳಿಯಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅದರ ಕಿವಿ ಒರೆಸಲು ಹೋದೆ. ಒಳಗೆ ಹುಣ್ಣಾಗಿದ್ದು ನನಗೆ ಗೊತ್ತಿರಲಿಲ್ಲ. ಕುಂಯ್ ಎಂದು ತಿರುಗಿ ನನ್ನ ಮುಂಗೈಯನ್ನು ಕಚ್ಚಿಬಿಟ್ಟಿತು. ಮರಿಯಿಂದ ಸಾಕಿದ ನಾಯಿ, ನನ್ನ ಮೇಲೆ ಒಂದು ಸಲವೂ ಗುರ್ ಎಂದದ್ದಿಲ್ಲ. ರಕ್ತ ನೋಡುತ್ತಾ, ಏನಾಯಿತೆಂದೇ ಅರ್ಥವಾಗದೆ ನಿಂತೆ.

ಸದ್ದು ಕೇಳಿ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದವರು ಬಾಗಿಲಲ್ಲೇ ನಿಂತರು. "ಕಣ್ಣು ನೋಡವ್ವ, ಎಂಗ್ ಕೆಂಪಾಗದೆ. ತನ್ ಕಾಲ ತಾನೇ ಕಚ್ಕತದೆ. ಉಚ್ಚು ಇಡ್ದದೆ ಕಣವ್ವ, ಇನ್ನು ಮನೇಲಿ ಮಡಿಕಬ್ಯಾಡ," ಎಂದರು. ಅವರ ಪುಟ್ಟ ಮೊಮ್ಮಗಳು ದಿನವೂ ನಮ್ಮ ಅಂಗಳದಲ್ಲೇ ಆಡುವವಳು. ಅವರ ಭಯವನ್ನು ತಪ್ಪೆನ್ನಲಾರೆ.

ಗಾಯವನ್ನು ಸೋಪು ಹಚ್ಚಿ ತುಂಬ ಹೊತ್ತು ನಲ್ಲಿಯ ಕೆಳಗೆ ತೊಳೆದು ಆಸ್ಪತ್ರೆಗೆ ಓಡಿದೆ. ಇಂಜೆಕ್ಷನ್ ಶುರುಮಾಡಿದರು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ, ಅದರ ಮೇಲೆ ಕಣ್ಣಿಟ್ಟಿರಿ, ಹುಚ್ಚು ಹಿಡಿದಿದ್ದರೆ ಅಷ್ಟರಲ್ಲಿ ಸಾಯುತ್ತದೆ ಎಂದರು. ಕೆಂಚನಿಗೆ ವರ್ಷ ವರ್ಷವೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದೆವು. ಆದರೂ ಆಗ ಯಾವುದನ್ನು ನಂಬಬೇಕೋ ಬಿಡಬೇಕೋ ಗೊತ್ತಾಗುತ್ತಿರಲಿಲ್ಲ. ಸೌದೆ ಕೋಣೆಯಲ್ಲಿ ಕಟ್ಟಿ ಕಿಟಕಿಯಿಂದ ನೋಡುತ್ತಿದ್ದೆ. ಅದು ನೀರು ಕುಡಿದರೆ ನನಗೆ ಜೀವ ಬರುತ್ತಿತ್ತು, ಜೊಲ್ಲು ಸುರಿಸಿದರೆ ಜೀವ ಹೋಗುತ್ತಿತ್ತು. ಅದು ಮಾತ್ರ ನನ್ನನ್ನು ಕಂಡಾಗಲೆಲ್ಲ ಬಾಲ ಆಡಿಸುತ್ತಿತ್ತು.

ವಿಚಿತ್ರವೆಂದರೆ, ಕಟ್ಟಿಹಾಕಿದ ಮೇಲೆ ಅದು ದಿನದಿನಕ್ಕೆ ಚೇತರಿಸಿಕೊಂಡಿತು. ಕಣ್ಣು ತಿಳಿಯಾಯಿತು, ಗುಳ್ಳೆ ಒಣಗಿದವು. ಹೇಳಿದಷ್ಟು ದಿನ ಕಳೆದ ಮೇಲೆ ಯಜಮಾನರು ಹಗ್ಗ ಬಿಚ್ಚಿದರು. ಓಡಿಹೋಗಿ ಪಕ್ಕದ ಖಾಲಿ ಸೈಟಿನಲ್ಲಿ ಹೊರಳಾಡಿ ಬಂತು. ಸಂಜೆಗೆ ಮತ್ತೆ ಅದೇ ಕೆಂಗಣ್ಣು, ಅದೇ ಕೆರೆತ. ಕಟ್ಟಿದರೆ ವಾಸಿ, ಬಿಟ್ಟರೆ ಕಾಯಿಲೆ. ನನಗೆ ತಲೆ ಕೆಟ್ಟುಹೋಯಿತು.

ಮಾರನೆಯ ದಿನವೇ ಆಟೋದಲ್ಲಿ ಪಾಂಡವಪುರಕ್ಕೆ, ಯಜಮಾನರಿಗೆ ಪರಿಚಯವಿದ್ದ ಒಬ್ಬ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಅವರು ಕಿವಿ, ಪಾದ, ಹೊಟ್ಟೆ ನೋಡಿದ ಮೇಲೆ ಕೇಳಿದ್ದು ಒಂದೇ: "ಹೋದ ವರ್ಷಾನೂ ಇದೇ ಹೊತ್ತಿಗೆ ಕೆರ್ಕೊಂತಿತ್ತಾ?"

ಇಲ್ಲ ಎಂದೆ. ಯಜಮಾನರು ನನ್ನ ಕಡೆ ತಿರುಗಿದರು. "ಇತ್ತಲ್ಲಮ್ಮಿ. ಗಣಪತಿ ಕೂರ್ಸೋಕೆ ಸುಣ್ಣ ಹೊಡ್ದಿದ್ ಗೋಡೆಗೆಲ್ಲ ಮಕ ಉಜ್ಜಿ ಕೊಳೆ ಮಾಡಿರ್ಲಿಲ್ವಾ? ದೀಪಾವಳಿ ಒತ್ಗೆ ಸರಿಹೋಯ್ತು."

ಹೌದು, ಇತ್ತು. ತಾನಾಗಿಯೇ ಹೋಗಿದ್ದರಿಂದ ನಾನು ಮರೆತೇಬಿಟ್ಟಿದ್ದೆ.

ಕಟ್ಟಿದರೆ ವಾಸಿ, ಸೈಟಿಗೆ ಬಿಟ್ಟರೆ ಜಾಸ್ತಿ ಎಂದದ್ದನ್ನೂ ಕೇಳಿ, ಇದು ಅಲರ್ಜಿ ಎಂದರು ಡಾಕ್ಟರು. ಮಳೆಗಾಲದಲ್ಲಿ ಖಾಲಿ ಜಾಗದಲ್ಲಿ ಎದ್ದು ಹೂ ಬಿಡುವ ಪಾರ್ಥೇನಿಯಂ ಗಿಡ ಕೆಲವು ನಾಯಿಗಳಿಗೂ ಆಗುವುದಿಲ್ಲವಂತೆ. ನಮಗೆ ಸೀನು ಬರುವ ಕಡೆ ಅವಕ್ಕೆ ಹೆಚ್ಚಾಗಿ ಚರ್ಮ ಕಡಿಯುತ್ತದಂತೆ. ಕಚ್ಚಿದ್ದು ಕಿವಿಯ ನೋವಿಗೆ, ಆದರೂ ನಿಮ್ಮ ಇಂಜೆಕ್ಷನ್ ಪೂರ್ತಿ ಮಾಡಿಕೊಳ್ಳಿ ಎಂದರು. ಕಿವಿಗೆ ಔಷಧಿ, ಮೈಗೆ ಶಾಂಪೂ, ಕಡಿತಕ್ಕೆ ಮಾತ್ರೆ ಕೊಟ್ಟರು. ಹೊರಗಿನಿಂದ ಬಂದಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಪಾದ, ಹೊಟ್ಟೆ, ಮುಖ ಒರೆಸಿ ಬೆರಳ ಸಂದಿ ಒಣಗಿಸಬೇಕು, ಮಲಗುವ ಗೋಣಿಯನ್ನು ಆಗಾಗ ಒಗೆಯಬೇಕು, ನಾವು ನುಂಗುವ ಮಾತ್ರೆಗಳನ್ನು ಕೇಳದೆ ಕೊಡಬಾರದು ಎಂದು ಬಿಡಿಸಿ ಹೇಳಿದರು. ಪೂರ್ತಿ ಹೋಗುವ ಕಾಯಿಲೆಯಲ್ಲ, ವರ್ಷವೂ ಬರಬಹುದು, ಮೊದಲೇ ಗುರುತಿಸಿದರೆ ಇಷ್ಟಾಗುವುದಿಲ್ಲ ಎಂದರು.

ಆ ಭಾನುವಾರ ನಾವಿಬ್ಬರೂ ಸೈಟಿನ ಗಿಡ ಕೀಳಲು ಇಳಿದೆವು. ಸ್ವಲ್ಪ ಹೊತ್ತಿಗೆ ಪುಟ್ಟತಾಯಮ್ಮನೂ ಕುಡುಗೋಲು ಹಿಡಿದು ಬಂದರು. ಅಂಗೈಗೆ ಕವರು ಕಟ್ಟಿಕೊಂಡಿದ್ದೆ, ಮೊಣಕೈ ಬರಿದಾಗಿತ್ತು. ಸಂಜೆಗೆ ಅಲ್ಲೆಲ್ಲ ಕೆಂಪು ದದ್ದು. ಕೆರೆದರೆ ಉರಿ, ಬಿಟ್ಟರೆ ಕಡಿತ, ಕೂತಲ್ಲಿ ಕೂರಲಾಗಲಿಲ್ಲ. ಯಜಮಾನರನ್ನು ಕೂಗಿ, ಕಡೀತದೆ ಎಂದೆ. ಅವರು ತಕ್ಷಣ ಮುಲಾಮು ತಂದುಕೊಟ್ಟರು.

ನಾನು ಒಂದು ಮಾತಿನಲ್ಲಿ ಹೇಳಿಕೊಂಡದ್ದನ್ನೇ ಕೆಂಚ ಅಷ್ಟೂ ದಿನ ಮೈಯೆಲ್ಲ ಬಾಯಾಗಿ ಹೇಳುತ್ತಿತ್ತು. ನಾವು ಕಿಟಕಿಯಾಚೆ ನಿಂತು, ಇದು ಸಾಯುತ್ತದೆಯೋ ಉಳಿಯುತ್ತದೆಯೋ ಎಂದು ಕಾಯುತ್ತಿದ್ದೆವು.